ನಾಲ್ಕು ಸೆಕೆಂಡಿನ ಹೂಂ

ಮಾಸ್ತರು ಹೋದರು. ಹೋದ ಮಂಗಳವಾರ ಬೆಳಿಗ್ಗೆ ಅವರ ಮಗಳು ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಿಂದ ಫೋನ್ ಮಾಡಿ, "ಆಂಟಿ, ಡ್ಯಾಡಿ ಈಸ್ ಗಾನ್" ಅಂದಳು. ತೊಂಬತ್ತು ದಾಟಿದ್ದರು, ನಿದ್ದೆಯಲ್ಲೇ ಹೋದರು, ಯಾರಿಂದಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಇಂಥ ಸಾವಿಗೆ ಅಳಬಾರದು ಅಂತಾರೆ. ನಾನು ಅತ್ತೆ. ಅಳುತ್ತ ಅಳುತ್ತ ನನಗೆ ನೆನಪಾದದ್ದು ಒಂದು ಕೋಳಿಯ ಕೂಗು. ಆ ಕೋಳಿಯ ಕಥೆ ಬಿಟ್ಟು ನಾನು ಮಾಸ್ತರ ವಿಷಯ ಹೇಳಲಾರೆ. ಅದರಲ್ಲಿ ನನ್ನ ತಪ್ಪೂ ಇದೆ, ಅದನ್ನೂ ಮುಚ್ಚಿಡುವುದಿಲ್ಲ.

ಅವರನ್ನು ಮಾಸ್ತರು ಅಂತ ಕರೆದವಳು ನಾನೊಬ್ಬಳೇ. ನೈಜೀರಿಯಾದ ಯೊರುಬಾ ಜನ ಅವರು. ತಮ್ಮೂರಿನ ಹೈಸ್ಕೂಲಿನಲ್ಲಿ ಹದಿನೈದು ವರ್ಷ ಪಾಠ ಹೇಳಿ, ನಲವತ್ತು ದಾಟಿದ ಮೇಲೆ ಸಿನಿಮಾ ಕಲಿಯುತ್ತೇನೆಂದು ಅಮೆರಿಕದ ಆಸ್ಟಿನ್ನಿಗೆ ಬಂದಿದ್ದರು. ನಾನು ಧಾರವಾಡದವಳು. ಸಿವಿಲ್ ಇಂಜಿನಿಯರಿಂಗ್ ಓದಲು ಬಂದ ಗಂಡನ ಬೆನ್ನು ಹತ್ತಿ ೧೯೭೧ರಲ್ಲಿ ಬಂದವಳು, ಸುಮ್ಮನೆ ಕೂರಲಾರದೆ ನಾನೂ ಒಂದು ಕೋರ್ಸಿಗೆ ಸೇರಿ, ವಿಶ್ವವಿದ್ಯಾಲಯದ ಧ್ವನಿ ಕೋಣೆಯಲ್ಲಿ ಕೆಲಸ ಹಿಡಿದಿದ್ದೆ. ಊರಲ್ಲಿ ರೇಡಿಯೋ ಕೇಂದ್ರದಲ್ಲಿ ಮೂರು ವರ್ಷ ಟೇಪು ಕತ್ತರಿಸಿದ್ದೆ. ಭಾಷಣ ಮಾಡುವವರ ಕೆಮ್ಮು, ತಡವರಿಕೆ, ಎದುರು ಕೂತವರ "ಹೂಂ", "ಹೌದ್ರಿ", ಇಷ್ಟನ್ನೂ ಬ್ಲೇಡಿನಿಂದ ತೆಗೆದು, ಕೂಡಿಸಿದ್ದು ಗೊತ್ತೇ ಆಗದಂತೆ ಕೂಡಿಸುತ್ತಿದ್ದೆ. ಅದರ ಬಗ್ಗೆ ನನಗೆ ಬಹಳ ಜಂಬ ಇತ್ತು. ಆ ಜಂಬವೇ ಮುಂದೆ ನನ್ನ ಕೈಲಿ ಆ ಕೆಲಸ ಮಾಡಿಸಿತು.

ಮಾಸ್ತರು ಆರಡಿಯ ಆಳು. ಆಸ್ಟಿನ್ನಿನ ಆಗಸ್ಟ್ ಬಿಸಿಲಿನಲ್ಲೂ ತಲೆಯ ಮೇಲೆ ಒಂದು ದಪ್ಪ ಟೋಪಿ, ಬಲಕಿವಿಯ ಕಡೆಗೆ ವಾಲಿದ್ದು. ಕೋಟಿನ ಜೇಬಿನಲ್ಲಿ ಫಿಲ್ಮ್ ರೋಲಿನ ಪುಟ್ಟ ಡಬ್ಬಿ. ಮೊದಲ ಸಲ ಕ್ಯಾಂಟೀನಿನಲ್ಲಿ ಎದುರಿಗೆ ಕೂತಾಗ ಆ ಡಬ್ಬಿ ತೆಗೆದು ಅದರೊಳಗಿನ ಕೆಂಪು ಪುಡಿಯನ್ನು ತಟ್ಟೆಯ ಆಲೂಗಡ್ಡೆಯ ಮೇಲೆ ಸುರಿದುಕೊಂಡರು. ಖಾರದ ಪುಡಿ! ನಾನು ತಡ ಮಾಡದೆ ನನ್ನ ಚೀಲದಿಂದ ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದು ಮುಂದಿಟ್ಟೆ. ಒಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ ಚಪ್ಪರಿಸಿದರು. ಆಮೇಲೆ ನನ್ನ ಡಬ್ಬಿಯನ್ನು ತಮ್ಮ ಜೇಬಿಗೆ ಹಾಕಿಕೊಂಡು ಎದ್ದು ಹೋದರು. ನಮ್ಮ ಸ್ನೇಹ ಹೀಗೆ ಸುರುವಾದದ್ದು.

ನಾವು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ಆದರೆ ನನ್ನ ನೆನಪಿನಲ್ಲಿ ಅವರು ಧಾರವಾಡದ ಕನ್ನಡದಲ್ಲೇ ಮಾತಾಡುತ್ತಾರೆ, ಏನು ಮಾಡಲಿ. ಹಾಗೇ ಬರೆಯುತ್ತೇನೆ.

ಅವರ ಹತ್ತಿರ ಅರ್ಧ ಗಂಟೆಯ ಒಂದು ಚಿತ್ರವಿತ್ತು. ತಮ್ಮೂರಿನ ಹಿರಿಯರು ಗಾದೆ ಹೇಳುವುದನ್ನು ಹಿಡಿಯಬೇಕು ಅಂತ, ಅಮೆರಿಕಕ್ಕೆ ಬರುವ ಮುಂಚೆ ಗೆಳೆಯನ ಕೈಲಿ ಕ್ಯಾಮೆರಾ ಕೊಟ್ಟು ತೆಗೆಸಿದ್ದು. ದಿನವೂ ಮಧ್ಯಾಹ್ನ ನಮ್ಮ ಧ್ವನಿ ಕೋಣೆಗೆ ಬಂದು ಅದನ್ನು ಹಿಂದೆ ಮುಂದೆ ಓಡಿಸುತ್ತ ಕೂರುವರು. ಯೊರುಬಾ ಮಾತಿನಲ್ಲಿ ಪ್ರತಿಯೊಂದು ಅಕ್ಷರಕ್ಕೂ ಮೇಲು, ನಡು, ಕೆಳಗು ಅಂತ ಮೂರು ಎತ್ತರ. ಸುಮ್ಮನೆ ಮಾತಾಡಿದರೂ ರಾಗ ಎಳೆದಂತೆ ಕೇಳುತ್ತದೆ. ಗಾದೆಗೆ ಬಂದರಂತೂ ಆ ಏರಿಳಿತ ಅಚ್ಚು ಹೊಡೆದ ಹಾಗೆ, ಸಾವಿರ ಸಲ ಹೇಳಿದರೂ ಒಂದೇ. ಅವರ ಕಡೆ ಕಂಕುಳಲ್ಲಿ ಅವುಚಿಕೊಂಡು ಬಾರಿಸುವ ಒಂದು ಡೋಲಿದೆಯಂತೆ, ಹಗ್ಗ ಹಿಂಡಿದರೆ ದನಿ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಬಾಯಿಯೇ ಇಲ್ಲದೆ ಆ ಡೋಲಿನಲ್ಲಿ ಗಾದೆ ಹೇಳುತ್ತಾರೆ, ಸಂತೆಯ ಆ ತುದಿಯಲ್ಲಿರುವವರಿಗೂ ತಿಳಿಯುತ್ತದೆ.

ನಾನು ನಂಬಲಿಲ್ಲ. ಊರಲ್ಲಿ ಐದು ವರ್ಷ ಹಾಡು ಕಲಿತಿದ್ದ ಸೊಕ್ಕು ಬೇರೆ. ಅವರು ಒಂದು ದಿನ ಚಿತ್ರದಲ್ಲಿಯ ಒಂದು ಮಾತನ್ನು ನಾಲ್ಕು ಸಲ ಕೇಳಿಸಿದರು. ನಾನು ಐದನೇ ಸಲಕ್ಕೆ ಅದರ ಏರಿಳಿತವನ್ನಷ್ಟೇ, ಶಬ್ದ ಬಿಟ್ಟು, ಬರೀ ಆಕಾರದಲ್ಲಿ ಹಾಡಿದೆ. ಮಾಸ್ತರು ಕುರ್ಚಿಯಿಂದ ಎದ್ದೇಬಿಟ್ಟರು.

"ತಂಗೀ, ಈಗ ನೀ ನಮ್ಮಜ್ಜಿ ಮಾತು ಆಡಿದಿ!"

"ನಾ ಎಲ್ಲಿ ಆಡೀನ್ರಿ? ಬರೇ ಆ ಅಂದೆ."

"ಆಡಿದಿ. ನಮ್ಮೂರಾಗಿದ್ದಿದ್ರ ಹಾದಿ ಮ್ಯಾಲ ಹೋಗೂವರು ನಿಂತು ನೋಡ್ತಿದ್ರು, ಈ ಹುಡುಗಿ ಯಾರಿಗೆ ಚುಚ್ಚಾಕತ್ತಾಳ ಅಂತ."

ಒಂದು ಶಬ್ದದ ಅರ್ಥ ಗೊತ್ತಿಲ್ಲದೆ ನಾನು ಒಂದು ಪೂರ್ತಿ ಮಾತು ಆಡಿಬಿಟ್ಟಿದ್ದೆ! ಅರ್ಥ ಏನು ಅಂತ ಕೇಳಿದೆ. ಅವರು ಹೇಳಲಿಲ್ಲ. ಅವರದು ಯಾವಾಗಲೂ ಅದೇ ರೀತಿ, ಅರ್ಥ ಕೇಳಿದರೆ ತಿರುಗಿ ನಮಗೇ ಪ್ರಶ್ನೆ. "ಯಾರ ಬಾಯಾಗ? ಯಾರ ಮುಂದ? ಉಂಡ ಮ್ಯಾಲೋ, ಉಣ್ಣೂಕಿಂತ ಮೊದಲೋ?" ಅದೇ ಮಾತು ತಾಯಿಯ ಬಾಯಲ್ಲಿ ಮಗುವಿಗೆ ಸಮಾಧಾನ, ಅಳಿಯನ ಮುಂದೆ ಎಚ್ಚರಿಕೆ, ಊರಗೌಡನ ಮುಂದೆ ಬಹಿರಂಗ ಜಗಳ. ಹೇಳುವವನ ದನಿ, ಕೇಳುವವನ ಮುಖ ಬಿಟ್ಟು ಬರೀ ಅರ್ಥ ಕೇಳುವುದು ಅವರಿಗೆ ಹುಡುಗಾಟವಾಗಿ ಕಾಣುತ್ತಿತ್ತು.

ಆ ಮಾತು ಯಾವುದು ಅಂತ ನೀವು ಕೇಳಬಹುದು. ಇಲ್ಲಿ ಬರೆಯುವುದಿಲ್ಲ. ಯಾಕೆ ಅಂತ ಮುಂದೆ ನಿಮಗೇ ತಿಳಿಯುತ್ತದೆ.

ಚಿತ್ರದ ನಡುಮಧ್ಯದಲ್ಲಿ ಒಂದು ಪಂಚಾಯ್ತಿ ಇದೆ. ಮಾಸ್ತರ ಇಬ್ಬರು ಅಣ್ಣಂದಿರು ಮೂರು ವರ್ಷದಿಂದ ಮಾತು ಬಿಟ್ಟಿದ್ದರು. ಮರದ ಕೆಳಗೆ ಅಪ್ಪ ಕೂತಿದ್ದಾನೆ, ಒಣಗಿ ಕಡ್ಡಿಯಾದ ಮುದುಕ, ಕೈಯಲ್ಲಿ ಬೀಸಣಿಗೆ. ಅಣ್ಣಂದಿರು ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದಾರೆ. ಕಿರಿಯ ಮಗನಾದ ಮಾಸ್ತರು ಎದ್ದು ನಿಂತು ಒಂದು ಗಾದೆ ಹೇಳುತ್ತಾರೆ. ಅಷ್ಟೇ, ದೊಡ್ಡಣ್ಣ ತಲೆ ತಗ್ಗಿಸುತ್ತಾನೆ, ಇನ್ನೊಬ್ಬ ನಕ್ಕುಬಿಡುತ್ತಾನೆ. ಮೂರು ವರ್ಷದ ಸಿಟ್ಟು ಒಂದು ಮಾತಿಗೆ ಕರಗಿದ್ದನ್ನು ನಾನು ಆ ಸಣ್ಣ ಪರದೆಯ ಮೇಲೆ ಎಷ್ಟು ಸಲ ನೋಡಿದರೂ ಕಣ್ಣು ತುಂಬುತ್ತಿತ್ತು. ಮಾತಿಗೆ ಇಷ್ಟು ಶಕ್ತಿ ಇದೆಯೇ ಅಂತ ಬೆರಗಾಗುತ್ತಿತ್ತು.

ಡಲ್ಲಾಸಿನ ಒಂದು ಟಿವಿ ಕೇಂದ್ರದವರು ಆ ಚಿತ್ರ ತೋರಿಸಲು ಒಪ್ಪಿದರು. ಎರಡು ಷರತ್ತು ಹಾಕಿದರು. ಎರಡು ನಿಮಿಷ ಕಡಿಮೆ ಮಾಡಬೇಕು, ಮತ್ತು ಗಾದೆ ಬಂದಲ್ಲೆಲ್ಲ ಕೆಳಗೆ ಇಂಗ್ಲಿಷ್ ಅಕ್ಷರ ಹಾಕಬೇಕು. ಮೊದಲನೆಯದಕ್ಕೆ ಮಾಸ್ತರು ಹೂಂ ಅಂದರು. ಎರಡನೆಯದಕ್ಕೆ ಮಾತ್ರ ಸುತರಾಂ ಒಪ್ಪಲಿಲ್ಲ. "ಉಳಿದ ಮಾತಿಗೆಲ್ಲ ಬೇಕಾದಷ್ಟು ಅಕ್ಷರ ಹಾಕ್ರಿ. ಗಾದಿ ಬಂದಾಗ ಬ್ಯಾಡ. ಓದಾಕ ಹತ್ತಿದ್ರ ಯಾರೂ ಕೇಳಂಗಿಲ್ಲ" ಅಂತ ವಾದ. ಪತ್ರದಲ್ಲಿ ಬಗೆಹರಿಯದೆ, ಒಂದು ಶುಕ್ರವಾರ ಬೆಳಿಗ್ಗೆ ಬಸ್ಸು ಹಿಡಿದು ಡಲ್ಲಾಸಿಗೇ ಹೊರಟರು. ಹೊರಡುವಾಗ ಸುರುಳಿಗಳನ್ನು ನನ್ನ ಮೇಜಿನ ಮೇಲಿಟ್ಟು, "ತಂಗೀ, ಎರಡು ನಿಮಿಷ ಅಲ್ಲಲ್ಲಿ ಬಿಗಿ ಮಾಡು. ನಿನ್ನ ಕೈ ಸೂಕ್ಷ್ಮದ್ದು" ಅಂದರು.

ಆ ಸುರುಳಿಯ ಬಗ್ಗೆ ಒಂದು ಮಾತು ಹೇಳಬೇಕು. ಊರಿನಿಂದ ತಂದ ಮೂಲ ಟೇಪು ಅಲ್ಲಿಯ ತೇವಕ್ಕೆ ಬೂಷ್ಟು ಹಿಡಿದಿತ್ತು. ನಾನು ಅದನ್ನು ನಕಲು ಮಾಡುವಾಗ ಒಂದೇ ಒಂದು ಸಲ ಓಡಿತು, ಓಡುತ್ತಲೇ ಕಂದು ಪುಡಿಯಾಗಿ ಉದುರಿತು. ಉಳಿದದ್ದು ನಾನು ತೆಗೆದ ನಕಲೊಂದೇ.

ಶುಕ್ರವಾರ ಇಡೀ ದಿನ ಕೂತು ಕತ್ತರಿಸಿದೆ. ಆಹಾ, ಎಂಥ ಕೆಲಸ! ಕೆಮ್ಮು ತೆಗೆದೆ, ಕುರ್ಚಿ ಎಳೆದದ್ದು ತೆಗೆದೆ. ಪಂಚಾಯ್ತಿಯಲ್ಲಿ ಮಾಸ್ತರ ಗಾದೆ ಮುಗಿದ ಕೂಡಲೇ ಆ ಮುದುಕ ಗಂಟಲಲ್ಲೇ ಏನೋ ಗೊಣಗುತ್ತಿದ್ದ, ಅದರ ಮೇಲೆ ಒಂದು ಕೋಳಿ ಬೇರೆ ಕೂಗುತ್ತಿತ್ತು. ನಾಲ್ಕು ಸೆಕೆಂಡು. ಅದನ್ನು ತೆಗೆದರೆ ಗಾದೆಯಿಂದ ನೇರವಾಗಿ ಅಣ್ಣಂದಿರ ಮುಖಕ್ಕೆ ಹೋಗಬಹುದು, ಎಷ್ಟು ಚೆಂದ! ಚಿತ್ರವನ್ನೂ ಧ್ವನಿಯನ್ನೂ ಒಟ್ಟಿಗೆ ಕತ್ತರಿಸಿ ಕೂಡಿಸಿದೆ. ಚೂರುಗಳನ್ನೆಲ್ಲ ಬುಟ್ಟಿಗೆ ಹಾಕಿದೆ. ಶನಿವಾರ ಕಸದ ಲಾರಿ ಬಂದು ಹೋಯಿತು.

ಸೋಮವಾರ ಮಾಸ್ತರು ಬಂದರು. ಅಕ್ಷರದ ವಾದ ಗೆದ್ದು ಬಂದಿದ್ದರು, ಟೋಪಿ ಇನ್ನೂ ನಾಲ್ಕು ಬೆರಳು ವಾಲಿತ್ತು. ನಾನು ಬೀಗುತ್ತ ಚಿತ್ರ ಹಾಕಿದೆ. "ಎಲ್ಲೆಲ್ಲಿ ಕತ್ತರಿಸೀನಿ ಹೇಳ್ರಿ ನೋಡೋಣು" ಅಂದೆ. ಪಂಚಾಯ್ತಿ ಬಂತು. ಗಾದೆ ಮುಗಿಯಿತು. ಮಾಸ್ತರು ಕೈ ಎತ್ತಿದರು. ನಾನು ಯಂತ್ರ ನಿಲ್ಲಿಸಿದೆ.

"ನಮ್ಮಪ್ಪ ಎಲ್ಲಿ?"

"ಅಲ್ಲೇ ಕುಂತಾರಲ್ರಿ, ಮರದ ಬುಡಕ್ಕ."

"ಕುಂತಾನ. ಮಾತಾಡಲಿಲ್ಲ."

"ಏನೋ ಗೊಣಗಿದ್ರು, ಅಷ್ಟರಿ. ಮ್ಯಾಲ ಕೋಳಿ ಬ್ಯಾರೆ. ಅದಕ್ಕ ತಗದೆ."

ಮಾಸ್ತರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರ ಬರಿತಲೆ ನಾನು ನೋಡಿದ್ದು ಅದೇ ಮೊದಲು. ಬೈಯಲಿಲ್ಲ. ಪಾಠ ಹೇಳುವ ದನಿಯಲ್ಲೇ ಹೇಳಿದರು.

"ನಮ್ಮಲ್ಲಿ ಹಿರಿಯರು ಇದ್ದಲ್ಲಿ ಕಿರಿಯವ ಗಾದಿ ಹೇಳೂದು ಅಂದ್ರ ಅಧಿಕಪ್ರಸಂಗ. ಹೇಳಬೇಕಾತು ಅಂದ್ರ ಮೊದಲು ತಪ್ಪಾತು ಅಂತ ಕೇಳಿಕೊಂಡು ಹೇಳಬೇಕು. ಹೇಳಿದ ಮ್ಯಾಲ ಹಿರಿಯರು, ಇನ್ನೊಂದು ಹೇಳೂವಷ್ಟು ಬಾಳು ಅಂತ ಹರಸಬೇಕು. ನೀ ಗೊಣಗಿದ್ರು ಅಂದೆಲ್ಲ, ಅದು ಅದ."

ನಾನು ತಿರುಗಿ ಕಸದ ಬುಟ್ಟಿಯ ಕಡೆ ನೋಡಿದೆ.

"ಹಿರಿಯರು ಹರಸಲಿಲ್ಲ, ಸುಮ್ನ ಇದ್ರು ಅಂದ್ರ ನಮ್ಮ ಜನ ಎರಡು ತಿಳೀತಾರ. ಒಂದು, ಸಿಟ್ಟಾಗ್ಯಾರ. ಇಲ್ಲಾ, ಸತ್ತಾರ." ಟೋಪಿಯ ಅಂಚು ಸವರುತ್ತ ಅಂದರು, "ನಮ್ಮಪ್ಪಗ ನನ್ನ ಮ್ಯಾಲ ಸಿಟ್ಟಿರಲಿಲ್ಲ."

ಅವರಪ್ಪ ಆ ಚಳಿಗಾಲದಲ್ಲೇ ತೀರಿಕೊಂಡಿದ್ದ. ಪತ್ರ ಬಂದು ಮುಟ್ಟುವುದರೊಳಗೆ ಮಣ್ಣಾಗಿ ಮೂರು ವಾರ ಆಗಿತ್ತು. ಯಾರಿಗೂ ಹೇಳಿರಲಿಲ್ಲ. ದಿನವೂ ಮಧ್ಯಾಹ್ನ ಬಂದು ಆ ಸುರುಳಿಯನ್ನು ಹಿಂದೆ ಮುಂದೆ ಓಡಿಸುತ್ತಿದ್ದದ್ದು ಯಾಕೆ ಅಂತ ನನಗೆ ಆಗ ತಿಳಿಯಿತು. ಅಪ್ಪ ತನಗೆ ಬಾಳು ಅಂದ ನಾಲ್ಕು ಸೆಕೆಂಡಿಗಾಗಿ ಅವರು ಬರುತ್ತಿದ್ದರು. ಅದನ್ನು ನಾನು ಕಸದ ಬುಟ್ಟಿಗೆ ಹಾಕಿದ್ದೆ.

ಇಬ್ಬರೂ ಸೇರಿ ಹುಡುಕಿದೆವು. ಬುಟ್ಟಿ ಬೋರಲು ಹಾಕಿದೆವು, ಮೇಜಿನ ಕೆಳಗೆ ಮೊಣಕಾಲೂರಿ ತಡಕಾಡಿದೆವು. ಬುಟ್ಟಿಯ ತಳಕ್ಕೆ ಅಂಟಿಕೊಂಡ ಒಂದು ಚೂರು ಸಿಕ್ಕಿತು. ಯಂತ್ರಕ್ಕೆ ಹಾಕಿ ಕೇಳಿದರೆ, ಆ ಕೋಳಿ. ಕೋಳಿಯ ಕೊನೆಯ ಕೂಗು, ಅಷ್ಟೇ. ಮಾಸ್ತರು ಅದನ್ನೇ ಎರಡು ಸಲ ಕೇಳಿ, "ಇದು ನಮ್ಮ ಅತ್ತಿಗಿ ಕೋಳಿ" ಅಂದರು. ನಾನು ಗೋಳೋ ಅಂತ ಅತ್ತೆ.

ಮನೆಗೆ ಹೋಗಿ ಗಂಡನಿಗೆ ಹೇಳಿದೆ. ಅವರು ತಲೆ ಚಚ್ಚಿಕೊಂಡರು. "ಏನ ಹುಚ್ಚಿ ನೀನು, ನಿಮ್ಮಜ್ಜಿ ಏನು ಕಲಿಸಿದ್ಲು ನಿನಗ?" ಅಂದರು. ಎದೆಗೆ ನಾಟಿತು. ನಮ್ಮಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟದಿದ್ದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. "ಹೂಂ ಅನ್ನವಾ, ಇಲ್ಲಂದ್ರ ನಾ ಗ್ವಾಡಿಗೆ ಕತಿ ಹೇಳಲೇನು?" ಅನ್ನುತ್ತಿದ್ದಳು. ಹೂಂ ಅನ್ನುತ್ತಲೇ ಬೆಳೆದವಳು ನಾನು, ಮೂರು ವರ್ಷ ಸಂಬಳಕ್ಕೆ ಕೂತು ಊರವರ ಹೂಂ ಎಲ್ಲ ಕತ್ತರಿಸಿ ಕತ್ತರಿಸಿ ಕಿವಿ ಸತ್ತುಹೋಗಿತ್ತು.

ಮರುದಿನ ನನಗೆ ತೋಚಿದ ಪರಿಹಾರ ಹೇಳಿದೆ. ಹ್ಯೂಸ್ಟನ್‌ನಲ್ಲಿ ಯೊರುಬಾ ಜನ ಇದ್ದಾರಲ್ಲ, ಯಾರಾದರೂ ವಯಸ್ಸಾದವರ ಕೈಲಿ ಆ ಮಾತು ಹೇಳಿಸಿ ರೆಕಾರ್ಡ್ ಮಾಡಿ ಸೇರಿಸೋಣ. ಮಾಸ್ತರು ನನ್ನನ್ನೇ ನೋಡಿದರು. "ನಮ್ಮಪ್ಪನ ಬಾಯಾಗ ಇನ್ನೊಬ್ಬನ ದನಿ ತುಂಬಲ್ಯಾ?" ಅಂದರು. ಆಮೇಲೆ ತಾವೇ ಕೂತು, ನಾನು ಕೂಡಿಸಿದ ಜಾಗವನ್ನು ಬಿಚ್ಚಿ, ಅಲ್ಲಿ ತೊಂಬತ್ತಾರು ಚೌಕ ಖಾಲಿ ಕರಿಯ ಫಿಲ್ಮು ಸೇರಿಸಿದರು. ನಾಲ್ಕು ಸೆಕೆಂಡು ಕತ್ತಲೆ, ಸದ್ದಿಲ್ಲ. "ಇಲ್ಲದ್ದು ಇಲ್ಲ ಅಂತ ಕಾಣಲಿ" ಅಂದರು.

ಆ ಶನಿವಾರ ಹ್ಯೂಸ್ಟನ್‌ನಲ್ಲಿ ಅವರ ಜನರೆಲ್ಲ ಸೇರುವವರಿದ್ದರು. ಚಿತ್ರ ತೋರಿಸುತ್ತೇನೆಂದು ಮಾಸ್ತರು ಮೊದಲೇ ಮಾತು ಕೊಟ್ಟಿದ್ದರು. ತಮ್ಮ ಜನರ ಎದುರಿಗೆ, ತಮ್ಮಪ್ಪ ತಮ್ಮನ್ನು ಹರಸದೆ ಕೂತ ಚಿತ್ರ! ಬೇಡ ಅನ್ನಿಸಲು ನೋಡಿದೆ, ಕೇಳಲಿಲ್ಲ. ನಾನೂ ಬರುತ್ತೇನೆ ಅಂದೆ. ದಾರಿಯುದ್ದಕ್ಕೂ, ನಾಲ್ಕು ತಾಸು, ಅವರು ಡ್ರೈವ್ ಮಾಡುತ್ತ ಸ್ಟೇರಿಂಗಿನ ಮೇಲೆ ಎರಡು ಬೆರಳಿನಿಂದ ಬಡಿಯುತ್ತಲೇ ಇದ್ದರು. ಯಾವ ಮಾತು ಬಡಿಯುತ್ತಿದ್ದಾರೆ ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ಒಂದು ಚರ್ಚಿನ ಹಿಂದಿನ ಹಾಲು. ಅರವತ್ತು ಜನ ಇದ್ದಿರಬೇಕು, ಹೆಚ್ಚಿನವರು ವಿದ್ಯಾರ್ಥಿಗಳು, ನರ್ಸುಗಳು. ಎಲ್ಲರ ಮುಂದೆ ಒಂದೇ ಕುರ್ಚಿಯಲ್ಲಿ ಒಬ್ಬ ಮುದುಕಿ, ನೀಲಿ ಬಟ್ಟೆ, ತಲೆಗೆ ದೊಡ್ಡ ರುಮಾಲು. ಸೊಸೆಯ ಬಾಣಂತನಕ್ಕೆ ಬಂದವಳಂತೆ, ನಮ್ಮ ತಾಯಂದಿರು ಬರುತ್ತಾರಲ್ಲ ಹಾಗೇ. ಮಾಸ್ತರು ಪ್ರೊಜೆಕ್ಟರ್ ಕೆಳಗಿಟ್ಟವರೇ, ಸೂಟು ಬೂಟು ಹಾಕಿಕೊಂಡ ಆರಡಿಯ ಆಳು, ಆ ಸಿಮೆಂಟ್ ನೆಲದ ಮೇಲೆ ಅಡ್ಡಬಿದ್ದರು. ಎದೆ, ಹಣೆ ನೆಲಕ್ಕೆ ಮುಟ್ಟಿಸಿ. ಸಾಷ್ಟಾಂಗ ನಾನು ದೇವಸ್ಥಾನದಲ್ಲಿ ಬೇಕಾದಷ್ಟು ನೋಡಿದ್ದೆ. ಹ್ಯೂಸ್ಟನ್‌ನಲ್ಲಿ ನೋಡುತ್ತೇನೆ ಅಂದುಕೊಂಡಿರಲಿಲ್ಲ. ಅಜ್ಜಿ ಅವರ ಬೆನ್ನು ತಟ್ಟಿ ಏಳಿಸಿದಳು.

ಚಿತ್ರ ಸುರುವಾಯಿತು. ಜನ ನಕ್ಕರು, ಗುರುತು ಹಿಡಿದು ಕೂಗಿದರು. ಗಾದೆ ಬಂದಾಗಲೆಲ್ಲ ಹಾಲಿನ ತುಂಬ ಗುಜುಗುಜು ಏಳುತ್ತಿತ್ತು. ಪಂಚಾಯ್ತಿ ಬಂತು. ಪರದೆಯ ಮೇಲೆ ಮಾಸ್ತರು ಎದ್ದು ನಿಂತರು, ತಪ್ಪಾಯ್ತು ಅಂತ ಕೇಳಿಕೊಂಡರು, ಗಾದೆ ಹೇಳಿದರು. ಕತ್ತಲೆ.

ಆ ಕತ್ತಲೆಯಲ್ಲಿ ಅರವತ್ತು ಜನ ಉಸಿರು ಬಿಗಿಹಿಡಿದರು. ನನಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಆಗ ಮುಂದಿನ ಕುರ್ಚಿಯಿಂದ ಒಂದು ದನಿ ಬಂತು. ದೊಡ್ಡ ದನಿಯಲ್ಲ, ಅಡಿಗೆಮನೆಯಿಂದ ಪಡಸಾಲೆಗೆ ಉತ್ತರ ಕೊಟ್ಟಂತೆ. ಆ ಏರಿಳಿತ ನನಗೆ ಗೊತ್ತಿತ್ತು! ನಾನು ಕತ್ತರಿಸಿ ಎಸೆದ ಅದೇ ಏರಿಳಿತ, ಅದೇ ನಾಲ್ಕು ಸೆಕೆಂಡು, ಕೋಳಿಯೊಂದು ಇರಲಿಲ್ಲ. ಅಜ್ಜಿ ಪರದೆಯ ಮೇಲಿನ ಮಾಸ್ತರಿಗೆ ಇನ್ನೊಂದು ಹೇಳುವಷ್ಟು ಬಾಳು ಅಂತ ಹರಸಿದ್ದಳು. ಅವಳು ಮುಗಿಸುವುದಕ್ಕೂ ಪರದೆಯ ಮೇಲೆ ಬೆಳಕು ಬಂದು ದೊಡ್ಡಣ್ಣ ತಲೆ ತಗ್ಗಿಸುವುದಕ್ಕೂ ಸರಿಹೋಯಿತು. ನಾನು ಹಿಂತಿರುಗಿ ನೋಡಿದರೆ ಪ್ರೊಜೆಕ್ಟರಿನ ಪಕ್ಕ ಮಾಸ್ತರು ಇಲ್ಲ. ನೆಲದ ಮೇಲಿದ್ದರು, ಮತ್ತೆ ಅಡ್ಡಬಿದ್ದು. ಸುರುಳಿ ತನ್ನಷ್ಟಕ್ಕೆ ತಿರುಗುತ್ತಿತ್ತು. ಅಷ್ಟು ದೊಡ್ಡ ಬೆನ್ನು ಅಳುವುದನ್ನು ನಾನು ಮತ್ತೆ ಎಂದೂ ನೋಡಲಿಲ್ಲ.

ಚಿತ್ರ ಮುಗಿದ ಮೇಲೆ ನಾನು ಅಜ್ಜಿಯ ಮುಂದೆ ಮೊಣಕಾಲೂರಿ, ಕತ್ತರಿಸಿದವಳು ನಾನೇ ಅಂತ ಒಪ್ಪಿಕೊಂಡೆ. ಮಾಸ್ತರು ಅದನ್ನು ಅವಳ ಭಾಷೆಗೆ ತಿರುಗಿಸಿದರು. ಅಜ್ಜಿ ನನ್ನ ಗದ್ದ ಹಿಡಿದೆತ್ತಿ ಏನೋ ಕೇಳಿದಳು.

"ನಿನಗೂ ಒಬ್ಬಾಕಿ ಅಜ್ಜಿ ಇದ್ಲಾ ಅಂತ ಕೇಳ್ತಾಳ" ಅಂದರು ಮಾಸ್ತರು.

ಇದ್ದಳು ಅಂದೆ. ಅಜ್ಜಿ ಸಮಾಧಾನದಿಂದ ತಲೆಯಾಡಿಸಿದಳು. ಗಂಡ ಕೇಳಿದ್ದಕ್ಕಿಂತ ಅದೇ ಹೆಚ್ಚು ನಾಟಿತು.

ಡಲ್ಲಾಸಿನವರು ಆ ಕತ್ತಲೆಯ ತುಂಡನ್ನು ತೆಗೆಯಿರಿ, ನೋಡುವವರು ಟಿವಿ ಕೆಟ್ಟಿತು ಅಂದುಕೊಳ್ಳುತ್ತಾರೆ ಅಂತ ಗೋಗರೆದರು. ಮಾಸ್ತರು ಜಪ್ಪಯ್ಯ ಅನ್ನಲಿಲ್ಲ. ಮುಂದೆ ಎಲ್ಲಿ ತೋರಿಸಿದರೂ ಆ ನಾಲ್ಕು ಸೆಕೆಂಡು ಹಾಗೇ ಉಳಿಯಿತು, ಅಲ್ಲಿ ಕೂತ ಹಿರಿಯರು ಯಾರಾದರೂ ಅದನ್ನು ತುಂಬುತ್ತಿದ್ದರು. ನಾನು ಆ ಹರಕೆಯ ಮಾತನ್ನು ಕಲಿಸಿಕೊಡಿ ಅಂತ ದುಂಬಾಲು ಬಿದ್ದೆ. ಒಂದು ವಾರ ಕೂರಿಸಿಕೊಂಡು, ಒಂದೊಂದು ಅಕ್ಷರದ ಎತ್ತರ ತಿದ್ದಿ ತಿದ್ದಿ ಕಲಿಸಿದರು. ಸರಿಯಾಗಿ ಬಂದ ದಿನ, "ಇನ್ನು ನಾನೂ ಹೇಳಬಹುದೇನ್ರಿ?" ಅಂದೆ.

"ಕಲಿತೀದಿ. ಹೇಳಾಕ ವಯಸ್ಸಾಗಿಲ್ಲ" ಅಂದರು. "ಕಾಯಬೇಕು."

ಎಪ್ಪತ್ತರ ದಶಕ ಮುಗಿಯುವುದರೊಳಗೆ ಅವರು ಊರಿಗೆ ತಿರುಗಿ ಹೋದರು. ಬಹಳ ವರ್ಷ ಪತ್ರವಷ್ಟೇ. ಕೊನೆಗಾಲಕ್ಕೆ ಮಗಳ ಮನೆಗೆ ಬಂದರು, ನಾವೂ ಅಷ್ಟೊತ್ತಿಗೆ ಹ್ಯೂಸ್ಟನ್ನಿಗೆ ಶಿಫ್ಟ್ ಆಗಿದ್ದೆವು. ಭೇಟಿಯಾದಾಗಲೆಲ್ಲ ಚಟ್ನಿಪುಡಿ ಒಯ್ಯುತ್ತಿದ್ದೆ. ಡಬ್ಬಿ ಮಾತ್ರ ಒಮ್ಮೆಯೂ ಹಿಂದಕ್ಕೆ ಬರಲಿಲ್ಲ.

ಮೊನ್ನೆ ಭಾನುವಾರ ಸೈಪ್ರೆಸ್‌ನ ಆ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ನಮ್ಮವರು ಮಂಡಿನೋವು ಅಂತ ಬರಲಿಲ್ಲ. ಮಗಳು ದೊಡ್ಡ ಟಿವಿಯಲ್ಲಿ ಆ ಚಿತ್ರ ಹಾಕಿದಳು. ಮಕ್ಕಳು, ಮೊಮ್ಮಕ್ಕಳು, ನೆಂಟರು, ಒಂದು ಮೂವತ್ತು ಜನ. ಮಕ್ಕಳಿಗೆ ಭಾಷೆ ಅಷ್ಟಿಷ್ಟು ತಿಳಿಯುತ್ತದೆ, ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ನಮ್ಮ ಮನೆಯದೂ ಅದೇ ಕಥೆ. ಪರದೆಯ ಮೇಲೆ ನಲವತ್ತರ ಮಾಸ್ತರು ಎದ್ದು ನಿಂತರು, ಟೋಪಿ ಬಲಕ್ಕೆ ವಾಲಿತ್ತು. ತಪ್ಪಾಯ್ತು ಅಂತ ಕೇಳಿಕೊಂಡರು. ಗಾದೆ ಹೇಳಿದರು. ಕತ್ತಲೆ ಬಂತು.

ಯಾರೂ ಮಾತಾಡಲಿಲ್ಲ. ನಾನು ಸುತ್ತ ನೋಡಿದೆ. ಆ ಕೋಣೆಯಲ್ಲಿ ನನಗಿಂತ ದೊಡ್ಡವರು ಒಬ್ಬರೂ ಇರಲಿಲ್ಲ.

ಹೇಳಿದೆ. ಐವತ್ತು ವರ್ಷ ಬಾಯೊಳಗೇ ಇಟ್ಟುಕೊಂಡ ಮಾತು, ಒಂದು ಅಕ್ಷರವೂ ಎತ್ತರ ತಪ್ಪಲಿಲ್ಲ. ಐದು ದಿನದ ಹಿಂದೆ ಹೋದ ಮನುಷ್ಯನಿಗೆ, ಇನ್ನೊಂದು ಹೇಳುವಷ್ಟು ಬಾಳು ಅಂದೆ. ಪರದೆಯ ಮೇಲೆ ಬೆಳಕು ಬಂತು, ದೊಡ್ಡಣ್ಣ ತಲೆ ತಗ್ಗಿಸಿದ.

ಪಕ್ಕದಲ್ಲಿ ಕೂತ ಮಾಸ್ತರ ಮೊಮ್ಮಗಳು ನನ್ನ ತೋಳು ಜಗ್ಗಿ, ಆಂಟಿ, ಈಗ ಏನಂದಿರಿ ಅಂತ ಇಂಗ್ಲಿಷಿನಲ್ಲಿ ಕೇಳಿದಳು.

"ಹೂಂ ಅಂದೆ, ಕೂಸೇ" ಅಂದೆ.